ಮಗುವಿನ ಪರವಾಗಿ ಅಳುತ್ತಿದ್ದವನು

ಎಂಬತ್ತರ ದಶಕದ ಮೊದಮೊದಲು, ಅಜ್ಜಂಪುರದ ಪಕ್ಕದ ನಮ್ಮೂರಿನಲ್ಲಿ ದನಿ ಕದಿಯುವುದರಲ್ಲಿ ನಾನು ಹೆಸರುವಾಸಿ. ಕಡೂರು ಬಸ್ಸಿನ ಕಂಡಕ್ಟರ್, ಕೆಮ್ಮುವ ಶಾನುಭೋಗರು, ಮೊಟ್ಟೆಯಿಟ್ಟ ಕೋಳಿ, ಯಾರನ್ನೂ ಬಿಟ್ಟವನಲ್ಲ. ಮೇಷ್ಟ್ರ ಹಾಗೆ ಮಾತಾಡಲು ಬರುತ್ತಿತ್ತು, ಅವರು ಹೇಳಿದ್ದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದು ಮನೆಯಲ್ಲೇ ಇದ್ದೆ.

ಅತ್ತಿಗೆಗೆ ಹೆರಿಗೆಯಾದಾಗ ಅವ್ವ, ಶೀತವಾಗದಿರಲೆಂದು, ಎಲ್ಲರ ಮನೆಯಂತೆ ಸಂಜೆ ಒಂದು ಚಮಚ ಬ್ರಾಂದಿ ಕುಡಿಸಿದಳು. ಚಮಚ ಲೋಟವಾಯಿತು. ಆಮೇಲೆ ಅತ್ತಿಗೆಯೇ ಕೂಲಿಯವಳ ಕೈಲಿ ಸಾರಾಯಿ ತರಿಸಿ ರಾಗಿ ಮೂಟೆಯ ಹಿಂದೆ ಇಟ್ಟುಕೊಳ್ಳತೊಡಗಿದಳು. ಊಟವೋ ಬಾಣಂತಿ ಪಥ್ಯದ್ದು: ಹಿಡಿ ಅನ್ನ, ಮೆಣಸಿನ ಸಾರು. ನಮಗೆ ಗೊತ್ತಾಗುವಷ್ಟರಲ್ಲಿ ಅವಳ ಕೈ ನಡುಗುತ್ತಿತ್ತು, ಮಗು ಬಾಡಿದ ಹೀರೆಕಾಯಿಯಂತಾಗಿತ್ತು. ಕಡೂರಿನ ಅಕ್ಕಿ ಗಿರಣಿಯಲ್ಲಿದ್ದ ಅಣ್ಣ ಓಡಿಬಂದು ಇಬ್ಬರನ್ನೂ ತರೀಕೆರೆ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಕುಡಿತ ಬಿಡಿಸಿ ಕಳಿಸಿದರು. ಭಯ ಮಾತ್ರ ನಮ್ಮ ಜೊತೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂತು.

ಆರೋಗ್ಯ ಕೇಂದ್ರದ ನರ್ಸಮ್ಮ ಮಗುವನ್ನು ತೂಗಲು ಬಂದವರು ಮೊದಲು ಅವ್ವನ ಪಥ್ಯ ಕಿತ್ತುಹಾಕಿದರು.

"ರಾಗಿ ಗಂಜಿ, ಹೆಸರುಕಾಳು, ಸೊಪ್ಪು, ಮೊಟ್ಟೆ, ಹೊಟ್ಟೆ ತುಂಬ ಹಾಕ್ರಮ್ಮ."

"ಸೊಪ್ಪು ತಿಂದ್ರೆ ಮಗೀಗೆ ಶೀತ ಆಗಲ್ವಾ?"

"ಬ್ರಾಂದಿ ಕುಡ್ಸುವಾಗ ಇಲ್ದಿದ್ ಭಯ ಸೊಪ್ಪಿಗೆ ಬಂತಾ? ಅವಳನ್ನ ಬೈಬ್ಯಾಡಿ, ಉಣ್ಣಕ್ಕಿಕ್ಕಿ. ಮತ್ತೆ ಕುಡಿದ್ಲು ಅಂದ್ರೆ ಎದೆಹಾಲು ಕೊಡಿಸ್ಬ್ಯಾಡಿ, ಮಗೀನ ಪಕ್ಕ ಮಲಗಿಸ್ಬ್ಯಾಡಿ, ನಂಗೆ ಹೇಳ್ಕಳ್ಸಿ. ಇದಕ್ಕೆ ಅಳಕ್ಕೂ ಶಕ್ತಿ ಇಲ್ಲ. ಅಳ್ಲಿ ಅಂತ ಕಾಯದೆ, ಹೊತ್ತೊತ್ತಿಗೆ ಎಬ್ಬಿಸಿ ಕುಡಿಸ್ಬೇಕು. ಸಾಲ್ದಿದ್ರೆ ಕಾಸಿದ ಹಾಲು ಒಳಲೇಲಿ ಬಾಯಿಗೆ ಬಿಡಿ."

ಅತ್ತಿಗೆ ಸುಸ್ತಿಗೆ ಕೊರಡಿನಂತೆ ಮಲಗಿಬಿಡುತ್ತಿದ್ದಳು. ಅವ್ವ ಅಲುಗಿಸಿದರೂ ಏಳಳು. ಮಗುವಿನ ಕೂಗಿಗಾದರೂ ಎದ್ದಾಳೆಂದು ನಾನೇ ಬಾಗಿಲ ಹೊರಗೆ ಕೂತು, ಮೀಸೆ ಹೊತ್ತ ಮುಖದಲ್ಲಿ, ಮಗುವಿನ ಪರವಾಗಿ "ಉಂವ್ವೆ, ಉಂವ್ವೆ" ಎಂದೆ. "ಬಂದೆ ಕಂದಾ" ಎಂದಳು ಒಳಗಿಂದ. ಅವತ್ತಿನಿಂದ ಅದೇ ನನ್ನ ಉದ್ಯೋಗ.

ಒಮ್ಮೊಮ್ಮೆ ಉತ್ತರವೇ ಬರುತ್ತಿರಲಿಲ್ಲ. ಆಗ ನಾನು ಅವ್ವನನ್ನು ಕರೆಯುತ್ತಿದ್ದೆ. ಅವ್ವ ಒಳಹೋಗಿ ಮಗುವಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುವಳು, ಆಮೇಲೆ ಬಗ್ಗಿ ಸೊಸೆಯ ಬಾಯಿ ಮೂಸುವಳು. ಊರಿನಲ್ಲಿ ಎಲ್ಲರನ್ನೂ ಅಣಕಿಸುತ್ತಿದ್ದ ನಾನು ಅವ್ವನ ಆ ಮುಖವನ್ನು ಮಾತ್ರ ಯಾರೆದುರೂ ಅಣಕಿಸಲಿಲ್ಲ.

ಅಣ್ಣ ಊರಿಗೆ ಬಂದಿದ್ದ ಒಂದು ಮಧ್ಯಾಹ್ನ, ಅತ್ತಿಗೆ ಉಂಡು ಮಲಗಿದ ಮೇಲೆ, ನಾವು ಮೂವರೂ ಉಣ್ಣುತ್ತಿದ್ದೆವು. ಕೋಣೆಯಿಂದ ಮಗುವಿನ ಕೂಗು ಕೇಳಿಸಿತು.

"ಲೇ, ಉಣ್ಣೋ ಹೊತ್ನಾಗೂ ಏನೋ ನಿಂದು?" ಅವ್ವ ತಲೆ ಎತ್ತದೆ ಗದರಿದಳು.

ನನ್ನ ಬಾಯಿ ತುಂಬ ಮುದ್ದೆ. ನಾನಲ್ಲ ಎಂದು ಕೈಯಾಡಿಸಿದೆ. ಅಣ್ಣ ನನ್ನ ಉಬ್ಬಿದ ಕೆನ್ನೆಯನ್ನೇ ನೋಡಿದ. ಮೂವರೂ ಎಂಜಲುಗೈಯಲ್ಲೇ ಓಡಿದೆವು.

ಮಗು ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಪಕ್ಕದ ಚಾಪೆ ಖಾಲಿ.

ಅಣ್ಣ ಸಾರಾಯಿ ಅಂಗಡಿ ಕಡೆ ಓಡಿದ. ನಾನು ರಾಗಿ ಮೂಟೆಯ ಹಿಂದೆ ತಡಕಿದೆ, ಬಾಟ್ಲಿ ಸಿಗದಿರಲೆಂದು ಬೇಡುತ್ತಾ. ಅವ್ವ ಮಗುವನ್ನೆತ್ತಿಕೊಂಡು ಗೋಡೆಗೊರಗಿ, "ಹೋದ್ಲು ಕಣೋ, ಮತ್ತೆ ಹೋದ್ಲು" ಎಂದಳು.

ಹಿತ್ತಲ ಬಾಗಿಲು ಕಿರ್ರೆಂದಿತು. ಅತ್ತಿಗೆ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ನಿಂತಿದ್ದಳು.

"ತೋರ್ಸು," ಎಂದಳು ಅವ್ವ.

ಅತ್ತಿಗೆ ಸೆರಗು ಸರಿಸಿದಳು. ಅರ್ಧ ತಿಂದ ರಾಗಿ ರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ.

"ಹಸಿವಾಯ್ತು ಅತ್ತೆ. ಆಗ್ಲೇ ಉಂಡಿದ್ನಲ್ಲ, ಮತ್ತೆ ಕೇಳಕ್ಕೆ ನಾಚ್ಕೆ ಆಗಿ ಬೆಳಗಿನ ರೊಟ್ಟಿ ಎತ್ಕಂಡು ಹಿತ್ಲಿಗೆ ಹೋದೆ." ಅವಳೇ ಮುಂದೆ ಬಂದು ಅವ್ವನ ಮುಖಕ್ಕೆ "ಹಾ" ಎಂದು ಉಸಿರು ಬಿಟ್ಟಳು. "ನೋಡ್ಕಳಿ."

ನಾನು ನಿಂತಲ್ಲಿಗೇ ಬರೀ ಬೆಳ್ಳುಳ್ಳಿ ವಾಸನೆ ಹೊಡೆಯಿತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗುವನ್ನು ಅವಳ ಕೈಗಿಟ್ಟು, ಇನ್ನೊಂದು ರೊಟ್ಟಿ ತಟ್ಟಲು ಒಲೆಯ ಕಡೆ ಹೋದಳು.

ಅಣ್ಣನನ್ನು ಕೂಗಲು ಬೀದಿಗೆ ಹೋಗಿ ಬಾಯಿ ತೆರೆದೆ. ನನ್ನದಿರಲಿ, ಕದ್ದ ಒಂದು ದನಿಯೂ ಬರಲಿಲ್ಲ. ಕೈ ಬೀಸಿ ಕರೆದೆ.

ವಾಪಸು ಬಂದಾಗ ಮಗು ಎದೆ ಕಚ್ಚಿ ಕುಡಿಯುತ್ತಿತ್ತು. ಅತ್ತಿಗೆ ತಲೆ ಎತ್ತದೆ ಹೇಳಿದಳು:

"ಸಂಜಿಕೂ ಬಾಗ್ಲಾಗೆ ಕೂತು ಕೂಗೋ. ಇಷ್ಟು ದಿನ ಕೂಗ್ತಿದ್ದೋನು ನೀನೇ ಅಂತ ನಂಗೆ ಗೊತ್ತು ಕಣೋ. ಇದು ಮತ್ತೆ ಅಳುತ್ತೋ ಇಲ್ವೋ. ನಾನು ಮಲಗ್ಬಿಟ್ರೆ ಅಂತ ಭಯ."