ನಾನು ಎತ್ತದ ಫೋನು

ದೆವ್ವ, ಶಕುನ, ಗಾಳಿ ಸೋಕುವುದು ಇವುಗಳ ಮಾತು ಬಂದರೆ ಎದ್ದು ಹೋಗುವವನು ನಾನು. ನಮ್ಮದು ಭಾಲ್ಕಿಯ ಶರಣರ ಮನೆತನ. ಅಪ್ಪ ಪಂಚಾಂಗವನ್ನು ಹೊಸಿಲು ದಾಟಲು ಬಿಟ್ಟವರಲ್ಲ. ನನ್ನನ್ನು ಶಾಲೆಗೆ ಸೇರಿಸಿದ್ದೂ ಬೇಕೆಂದೇ ಅಮಾವಾಸ್ಯೆಯ ದಿನ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ ಬೈದು ಕಳಿಸುತ್ತಿದ್ದೆ.

ಮಳೆ ಸತತವಾಗಿ ಕೈಕೊಟ್ಟ ವರ್ಷಗಳು ಅವು. ಔರಾದ ಕಡೆ ತೊಗರಿ ಹೂವಿನಲ್ಲೇ ಒಣಗಿತ್ತು. ಬೀದರ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತವರದೇ ನೂಕುನುಗ್ಗಲು, ಅರ್ಧ ಜನ ಹೈದರಾಬಾದಿಗೆ, ಅರ್ಧ ಜನ ಪುಣೆಗೆ. ನಾನು ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತನಾಗಿದ್ದೆ. ಎಲ್ಲೋ ದೂರದ ಕಚೇರಿಯಲ್ಲಿ ಪಾರ್ಸೆಲ್ ಸಿಡಿದು ಯಾರದೋ ಕೈ ಹೋಯಿತೆಂದು ಸುದ್ದಿಯಾಯಿತು. ಅದಾದ ಮೇಲೆ ಬಂದ ಟಪಾಲನ್ನೆಲ್ಲ ಹೊರಗೇ ಪರೀಕ್ಷಿಸಬೇಕೆಂದು ನಮಗೂ ಆದೇಶ ಬಂತು. ಹಳೆಯ ಸೈಕಲ್ ಸ್ಟ್ಯಾಂಡಿಗೆ ತಗಡು ಬಡಿದು, ಒಂದು ಮೇಜು, ತಕ್ಕಡಿ, ಲೋಹ ಹುಡುಕುವ ಕೈಯಂತ್ರ, ಮರಳು ತುಂಬಿದ ತೊಟ್ಟಿ ಇಟ್ಟು ನನ್ನನ್ನು ಅಲ್ಲಿ ಕೂರಿಸಿದರು. ಒಂದು ದಿನದ ತರಬೇತಿಯನ್ನೂ ಕೊಟ್ಟರು. ಅನುಮಾನ ಬಂದ ಪಾರ್ಸೆಲನ್ನು ಅಲುಗಾಡಿಸಬೇಡ, ಬಿಚ್ಚಬೇಡ, ನೀರಿಗೆ ಹಾಕಬೇಡ, ಮೆಲ್ಲಗೆ ಮರಳಿನ ಮೇಲಿಟ್ಟು ಪೊಲೀಸರನ್ನು ಕರೆ ಎಂದರು. ಊಟದ ನಂತರದ ಪಾಠ. ನಾನು ಅರ್ಧ ತೂಕಡಿಸುತ್ತಿದ್ದೆ.

ಗೋಡೆಗೆ ಅನುಮಾನದ ಲಕ್ಷಣಗಳ ಪಟ್ಟಿ ಅಂಟಿಸಿದ್ದರು. ಕಳಿಸಿದವರ ವಿಳಾಸ ಇಲ್ಲದಿರುವುದು, ಎಣ್ಣೆಯ ಕಲೆ, ಅತಿಯಾದ ಹೊಲಿಗೆ, ವಕ್ರ ಅಕ್ಷರ. ನಮ್ಮ ಹಳ್ಳಿಗಳಿಂದ ಬರುವ ಒಂದೊಂದು ಲಕೋಟೆಗೂ ಈ ಎಲ್ಲ ಲಕ್ಷಣ ಇರುತ್ತಿದ್ದವು. ರೊಟ್ಟಿಯ ಗಂಟಿನಲ್ಲೇ ಅರ್ಜಿ ಇಟ್ಟುಕೊಂಡು ಬಂದರೆ ಎಣ್ಣೆ ಹತ್ತದೆ ಇನ್ನೇನು? ಆ ಪಟ್ಟಿ ಹಿಡಿದು ಕೂತರೆ ಇಡೀ ಜಿಲ್ಲೆಯೇ ಬಾಂಬು. ಆದರೂ ನಾನು ಅದನ್ನೇ ಹಿಡಿದು ಜನರನ್ನು ಗೋಳುಹೊಯ್ದುಕೊಂಡೆ, ಸುಳ್ಳು ಹೇಳುವುದಿಲ್ಲ. ಟ್ಯಾಂಕರ್ ಬೇಕು, ಮೇವು ಬೇಕು, ಕೆಲಸ ಬೇಕು ಎಂದು ಅವರು ಗೇಟಿನಲ್ಲಿ ನನ್ನನ್ನು ಬೈಯುವರು, ನಾನು ಒಳಗಿನಿಂದ ಅವರನ್ನು ಬೈಯುವೆ. ತಗಡಿನ ಕೆಳಗೆ ತಲೆ ಕಾದ ಹಂಚಾಗಿರುತ್ತಿತ್ತು. ನನ್ನ ಜೊತೆಗಿದ್ದವನು ಗೇಟಿನ ಗೃಹರಕ್ಷಕ ಬಾಬುರಾವ್ ಒಬ್ಬನೇ.

ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಅಂಚೆಯಲ್ಲಿ ಬಂದ ಚೀಲದಿಂದ ಬಟ್ಟೆಯಲ್ಲಿ ಹೊಲಿದ ಅಂಗೈಯಗಲದ ಒಂದು ಗಂಟು ಹೊರಬಂತು. ಬೀಜದ ಚೀಲದ ಬಟ್ಟೆ, ಒತ್ತೊತ್ತಾಗಿ ಹಾಕಿದ ಹೊಲಿಗೆ. ಕಳಿಸಿದವರ ಹೆಸರಿಲ್ಲ, ಠಾಣಾ ಕುಶನೂರ ಅಂಚೆಯ ಮುದ್ರೆ ಮಾತ್ರ ಇತ್ತು. ತೂಕಕ್ಕಿಡಲು ಕೈಗೆತ್ತಿಕೊಂಡೆ. ಅದು ನನ್ನ ಕೈಯಲ್ಲಿ ಗುರ್ ಎಂದು ಬಡಿದುಕೊಳ್ಳತೊಡಗಿತು.

ಬಿಸಿ ಮುಟ್ಟಿದವನಂತೆ ಮೇಜಿನ ಮೇಲೆ ಬಿಟ್ಟೆ. ಅಲ್ಲೂ ನಿಲ್ಲಲಿಲ್ಲ. ಬಡಿದುಕೊಳ್ಳುವುದು, ಒಂದು ಕ್ಷಣ ಸುಮ್ಮನಾಗುವುದು, ಮತ್ತೆ ಬಡಿದುಕೊಳ್ಳುವುದು. ಪಕ್ಕದಲ್ಲಿದ್ದ ಮಸಿಡಬ್ಬಿಯ ಮುಚ್ಚಳ ಕಟಕಟ ಎಂದಿತು. ಗೇಟಿನಿಂದ ಬಾಬುರಾವ್ ಕೂಗಿದ, "ಸಾಹೇಬ್ರ, ಫೋನ್ ಬಡ್ಕೊಳ್ಳಕತ್ತದ ನೋಡ್ರಿ, ಎತ್ತರಿ!"

ನಮ್ಮಿಬ್ಬರ ಫೋನೂ ಆ ಶೆಡ್ಡಿನಲ್ಲಿರಲಿಲ್ಲ. ಅಲ್ಲಿ ಮೊಬೈಲ್ ಒಯ್ಯುವಂತಿಲ್ಲ ಎಂಬ ನಿಯಮದ ಪ್ರಕಾರ ಎರಡೂ ಮುಖ್ಯ ಕಟ್ಟಡದ ಪೆಟ್ಟಿಗೆಯಲ್ಲಿದ್ದವು. ಫೋನಿನಿಂದಲೇ ಬಾಂಬು ಸಿಡಿಸುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದು ಆಗ ನೆನಪಾಯಿತು. ನೀರಿಗೆ ಹಾಕಬೇಡ ಎಂದದ್ದು ನೆನಪಾಗಲಿಲ್ಲ. ದೀಪಾವಳಿಯಲ್ಲಿ ಹೊತ್ತದೆ ಉಳಿದ ಪಟಾಕಿಯನ್ನು ನಾವು ಏನು ಮಾಡುತ್ತೇವೆ? ಬಕೀಟಿನ ನೀರಿಗೆ ಹಾಕುತ್ತೇವೆ. ಮೂಲೆಯಲ್ಲಿ ಇಡೀ ಕಚೇರಿಯ ಕುಡಿಯುವ ನೀರು ಒಂದು ದೊಡ್ಡ ಪೀಪಾಯಿಯಲ್ಲಿತ್ತು, ನಾಲ್ಕು ದಿನಕ್ಕೊಮ್ಮೆ ಬರುವ ಟ್ಯಾಂಕರಿನದು. ಗಂಟನ್ನು ಅದರಲ್ಲಿ ಮುಳುಗಿಸಿ ಹೊರಗೆ ಓಡಿದೆ. ಓಡುವಾಗಲೂ ಪೀಪಾಯಿಯ ತಳದಿಂದ ಗುರ್ ಎಂಬ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು.

ಕಚೇರಿಯವರೆಲ್ಲ ಬಿಸಿಲಿಗೆ ಬಂದು ನಿಂತರು. ಸಂಜೆಯ ಹೊತ್ತಿಗೆ ಬಂದ ಪೊಲೀಸರ ತಂಡ ಗಂಟು ಬಿಚ್ಚಿತು. ಒಳಗಿದ್ದದ್ದು ಗುಂಡಿ ಸವೆದ ಒಂದು ಹಳೆಯ ಮೊಬೈಲ್, ಅದಕ್ಕೆ ಸುತ್ತಿದ ಒಂದು ಅರ್ಜಿ. ತಂಡದವನು ಫೋನಿನ ಬೆನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ಬ್ಯಾಟರಿನೇ ಇಲ್ಲಲ್ರಿ ಇದ್ರಾಗ! ಹ್ಯಾಂಗ ಬಡ್ಕೊಂತದ? ಹೆದರಿ ನೀರ ಹಾಳ ಮಾಡಿರಿ."

ಆಮೇಲೆ ಕಚೇರಿಯಲ್ಲಿ ನನಗಾದ ಮರ್ಯಾದೆಯನ್ನು ಹೇಳದಿರುವುದೇ ವಾಸಿ. ಎರಡು ದಿನ ಎಲ್ಲರೂ ನನ್ನನ್ನು ಶಪಿಸುತ್ತ ಹೊರಗಿನಿಂದ ನೀರು ತಂದು ಕುಡಿದರು. ಬಾಬುರಾವ್ ಮಾತ್ರ, ತಾನೂ ಸದ್ದು ಕೇಳಿದ್ದಾಗಿ ಎಲ್ಲರ ಎದುರು ಹೇಳಿದ. ಅವನನ್ನೂ ನಕ್ಕು ಸುಮ್ಮನಾಗಿಸಿದರು. ಅರ್ಜಿಯ ಶಾಯಿ ಹರಡಿ ಸುಜಾತಾ ಎಂಬ ಹೆಸರು, ಊರಿನ ಹೆಸರು ಬಿಟ್ಟರೆ ಏನೂ ಓದಲು ಬರುತ್ತಿರಲಿಲ್ಲ. ಅದನ್ನು ಸಾಹೇಬರ ಬಳಿ ಕಳಿಸಿದರೆ ಮತ್ತೆ ನನ್ನದೇ ನಗೆಪಾಟಲು. ಫೋನು, ಅರ್ಜಿ ಎರಡನ್ನೂ ನನ್ನ ಮೇಜಿನ ಡ್ರಾಯರಿಗೆ ತಳ್ಳಿದೆ. ನಾಚಿಕೆಯ ಕೆಲಸ, ಮಾಡಿದೆ.

ಎಂಟು ದಿನಗಳ ಮೇಲೆ ಒಬ್ಬ ಹೆಣ್ಣುಮಗಳು ಬಂದು ಮೇಜಿನ ಮುಂದೆ ನಿಂತಳು. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಹತ್ತಿ ಸೀರೆ. ತಾನೇ ಸುಜಾತಾ, ಅರ್ಜಿ ತಾನೇ ಬರೆದದ್ದು, ಹತ್ತನೆಯ ಇಯತ್ತೆ ಪಾಸಾಗಿದ್ದೇನೆ ಎಂದಳು. ಸೆರಗಿನ ಗಂಟು ಬಿಚ್ಚಿ ಒಂದು ಬ್ಯಾಟರಿ ತೆಗೆದು ನನ್ನ ಮುಂದಿಟ್ಟಳು.

"ಟಪಾಲಿನ್ಯಾಗ ಬ್ಯಾಟರಿ ಹಾಕಬಾರದಂತ ಅಂದ್ರು ನಮ್ಮೂರಾಗ. ಅದಕ್ಕ ತಗದು ಇಟ್ಟಿದ್ದೆರಿ. ಈಗ ಹಾಕಿ ನೋಡ್ರಿ."

ಅವಳ ಗಂಡ ದಿಲೀಪ ಒಬ್ಬ ಮೇಸ್ತ್ರಿಯ ಹಿಂದೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದನಂತೆ. ಒಂದು ದಿನ ಆ ಮೇಸ್ತ್ರಿ ಅವನನ್ನು ಬೇರೆಲ್ಲಿಗೋ ಕರೆದೊಯ್ದ. ಫೋನು ಗುಡಿಸಲಲ್ಲೇ ಉಳಿಯಿತು, ದಿಲೀಪ ತಿರುಗಿ ಬರಲಿಲ್ಲ. ಊರಿನವನೊಬ್ಬ ಆ ಫೋನನ್ನು ತಂದುಕೊಟ್ಟಿದ್ದ. ಮೇಸ್ತ್ರಿಯ ಊರು, ಹೆಸರು ಯಾರಿಗೂ ಗೊತ್ತಿಲ್ಲ. ಅವನ ನಂಬರು, ಅವನ ಫೋಟೋ ಆ ಫೋನಿನಲ್ಲಿ ಮಾತ್ರ ಇದ್ದವು. ಗಂಡನನ್ನು ಹುಡುಕಿಕೊಡಿ ಎಂದು ಅರ್ಜಿ ಬರೆದು ಅದನ್ನೂ ಜೊತೆಗೆ ಕಳಿಸಿದ್ದಳು.

ನಾನು ಡ್ರಾಯರು ತೆಗೆದೆ. ಅವಳೇ ಬ್ಯಾಟರಿ ಹಾಕಿ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಗಾಜಿನ ಒಳಗೆ ನೀರು ಪಸೆಯಾಗಿ ಕೂತಿತ್ತು. ಏನಾಯಿತೆಂದು ಹೇಳಲೇಬೇಕಾಯಿತು. ತಪ್ಪು ಮಾಡಿದವನಿಗೆ ಬರುವ ಸಿಟ್ಟಿನಲ್ಲಿ ಹೇಳಿದೆ, "ಹೆಸರಿಲ್ಲ, ವಿಳಾಸಿಲ್ಲ, ಮ್ಯಾಲ ಬಡ್ಕೊಳ್ಳಕತ್ತಿತ್ತು. ನಾ ಏನ ಮಾಡ್ಲಿ? ನೀರಾಗ ಹಾಕಿದೆ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬ್ಯಾಟರಿ ಇಲ್ಲದ ಫೋನು ಹೇಗೆ ಬಡಿದುಕೊಂಡಿತೆಂದೂ ಕೇಳಲಿಲ್ಲ. ಮೆಲ್ಲಗೆ ಕೇಳಿದಳು, "ಎಷ್ಟ ಸಲ ಬಡ್ಕೊಂಡಿತ್ರಿ? ಮೂರ ಸಲ ಬಡ್ಕೊಂಡು ನಿಂತಿತೇನ್ರಿ?"

ಯಾಕೆ ಎಂದೆ. ಗಂಡ ದಿನಾ ಸಂಜೆ ಮನೆಯ ಫೋನಿಗೆ ಹಾಗೆ ಮಾಡುತ್ತಿದ್ದನಂತೆ. ಮೂರು ಸಲ ಬಡಿದು ನಿಂತರೆ ಆರಾಮ ಇದ್ದೇನೆ ಎಂದರ್ಥ, ಎತ್ತಬಾರದು. ಪುಕ್ಕಟೆ ಸುದ್ದಿ. ನಾಲ್ಕನೆಯ ಸಲವೂ ಬಡಿದರೆ ಏನೋ ತೊಂದರೆ ಇದೆ, ಎತ್ತಬೇಕು.

"ಫೋನ್ ಕಳಕೊಂಡಾಂವ ತನ್ನ ನಂಬರಿಗೇ ಮಾಡ್ತಾನಲ್ರಿ," ಎಂದಳು. "ಎಷ್ಟ ಸಲ ಆಯ್ತು, ಖರೇ ಹೇಳ್ರಿ."

ಮೂರು ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವಳ ಮುಖ ನೋಡುತ್ತ ಸುಳ್ಳಾಡಲಾಗಲಿಲ್ಲ. "ನಿಲ್ಲಲಿಲ್ಲವ್ವ," ಎಂದೆ. "ನೀರಾಗ ಹಾಕೋತನಕ ಬಡ್ಕೊಂಡಿತು. ಹಾಕಿದ ಮ್ಯಾಲೂ ಬಡ್ಕೊಂಡಿತು."

ಅವಳು ಫೋನಿನಿಂದ ಬ್ಯಾಟರಿ ತೆಗೆದಳು, ಎರಡನ್ನೂ ಬೇರೆ ಬೇರೆ ಗಂಟು ಹಾಕಿ ಸೆರಗಿಗೆ ಕಟ್ಟಿದಳು. "ಹಂಗಾದ್ರ ಎತ್ತಬೇಕಿತ್ತರಿ ನೀವು," ಎಂದಳು. ಅಷ್ಟೇ ಹೇಳಿ ಹೊರಟುಹೋದಳು.

ಅಂದೇ ಆ ಶಾಯಿ ಹರಡಿದ ಅರ್ಜಿಗೆ ನಾನು ಕೇಳಿದ್ದನ್ನೆಲ್ಲ ಬರೆದು ಲಗತ್ತಿಸಿ, ಸಾಹೇಬರ ಕೈಗೇ ಕೊಟ್ಟೆ. ತಡವಾಗಿತ್ತು. ವರ್ಷದ ನಂತರ ಠಾಣಾ ಕುಶನೂರಿಗೆ ಹೋಗಿ ವಿಚಾರಿಸಿದೆ. ದಿಲೀಪನ ಸುದ್ದಿ ಇಲ್ಲ, ಸುಜಾತಾ ಅವನನ್ನು ಹುಡುಕಲು ಪುಣೆಗೆ ಹೋದವಳು ಅಲ್ಲೇ ಕೆಲಸ ಹಿಡಿದಿದ್ದಾಳೆ ಎಂದರು. ತಿಳಿದವರನ್ನೆಲ್ಲ ಕೇಳಿದ್ದೇನೆ, ಬ್ಯಾಟರಿ ಇಲ್ಲದ ಫೋನು ಬಡಿದುಕೊಳ್ಳುವುದು ಸಾಧ್ಯವೇ ಇಲ್ಲ ಎನ್ನುತ್ತಾರೆ. ನಾನೂ ಹಾಗೇ ಎನ್ನುತ್ತೇನೆ. ಆದರೆ ಬಸ್ಸಿನಲ್ಲೋ ಅಂಗಡಿಯಲ್ಲೋ ಒಂದು ಫೋನು ನಾಲ್ಕನೆಯ ಸಲ ಬಡಿದುಕೊಂಡರೆ, ಅದು ಯಾರದೇ ಇರಲಿ, ಬೈಸಿಕೊಂಡರೂ ಸರಿ, ನಾನು ಎತ್ತಿಬಿಡುತ್ತೇನೆ. ಇದುವರೆಗೂ ಆ ಕಡೆ ಮಾತನಾಡಿದ್ದು ದಿಲೀಪನಲ್ಲ, ಬೇರೆ ಯಾರೋ.