ಏಳರ ಅಳತೆ ಹಿಡಿದು ಚಂದಗುಳಿಗೆ

ಶಿರಸಿ ಬಿಡುವಾಗ ಬೆಳಗಿನ ಆರೂವರೆ. ಅಪ್ಪನ ಮೋರಿಸ್ ಮೈನರ್ ಒಂದೇ ಸಲಕ್ಕೆ ಸ್ಟಾರ್ಟ್ ಆದಾಗ ಸೀಟಿನಲ್ಲಿ ಒಬ್ಬನೇ ಕೂತು ಕೇಕೆ ಹಾಕಿದೆ. ಅಪ್ಪ ಹೋದ ಮೇಲೆ ಒಂಬತ್ತು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಕಾರು. ಬಿಚ್ಚಿ ಜೋಡಿಸಿದ್ದು ನಾನೇ, ಕಾರ್ಬ್ಯುರೇಟರಿನ ಫ್ಲೋಟ್ ಮಟ್ಟ ಹೊಂದಿಸಿದ್ದೂ ನಾನೇ. ಫ್ಲೋಟ್ ಎಂದರೆ ಪೆಟ್ರೋಲಿನ ಪುಟ್ಟ ಬಟ್ಟಲಲ್ಲಿ ತೇಲುವ ಬುರುಡೆ. ತಕ್ಕಷ್ಟು ಪೆಟ್ರೋಲ್ ತುಂಬಿದೊಡನೆ ಅದು ಮೇಲೆದ್ದು ಸಣ್ಣ ಲಿವರನ್ನು ಒತ್ತುತ್ತದೆ, ಒಳಹರಿವು ನಿಲ್ಲುತ್ತದೆ. ಬಟ್ಟಲಿನ ಮುಚ್ಚಳವನ್ನು ಅಂಗಾತ ಹಿಡಿದು, ಅದಕ್ಕೂ ಲಿವರಿಗೂ ನಡುವೆ ಗೊತ್ತಾದ ದಪ್ಪದ ಸರಳಿಟ್ಟು ಅಳೆಯಬೇಕು.

ಅಪ್ಪ ಹೇಳುತ್ತಿದ್ದ ಅಳತೆ ಏಳು. ಕಾರಿನ ಪುಸ್ತಕ ಗೆದ್ದಲು ತಿಂದಿತ್ತು. ವಿಶ್ವವಿದ್ಯಾಲಯದಲ್ಲಿ ಬೇರೆಯವರ ಮಾತನ್ನು ಸಂದೇಹಿಸಲು ಕಲಿತಿದ್ದೆ. ಈಚೆಗೆ ನನ್ನ ನೆನಪನ್ನೇ ಸಂದೇಹಿಸುತ್ತೇನೆ. ಆದರೂ ಏಳು ಮಿಲಿಮೀಟರಿನ ಡ್ರಿಲ್ ಬಿಟ್ ಇಟ್ಟು ಕೆಲಸ ಮುಗಿಸಿದ್ದೆ.

ಸಿದ್ದಾಪುರದಲ್ಲಿ ಅಪ್ಪನ ತಂಗಿ ಗಂಗತ್ತೆ ತೆಳ್ಳೇವು ದೋಸೆ, ಜೋನಿಬೆಲ್ಲ ಬಡಿಸಿದಳು. ಪಕ್ಕದಲ್ಲಿ ಬಟ್ಟೆ ಸುತ್ತಿದ ಹಿತ್ತಾಳೆ ಗಂಟೆ. ಅವಳ ಮುರಿದ ಕಾಲು ಸರಿಯಾದರೆ ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುವುದಾಗಿ ಅಪ್ಪ ಹರಕೆ ಹೊತ್ತಿದ್ದ. ಕಾಲು ಸರಿಯಾಯಿತು, ಗಂಟೆಯೂ ಬಂತು. ಆಮೇಲೆ ಗಂಟೆಯ ನಾಲಿಗೆ ಎಲ್ಲೋ ಕಳೆಯಿತೆಂದ. ನಾಲಿಗೆಯಿಲ್ಲದ ಗಂಟೆ ದೇವರಿಗೆ ಸಲ್ಲದೆಂದು ಹರಕೆ ಹಾಗೇ ಉಳಿಯಿತು. ಯಲ್ಲಾಪುರದ ಲೇತಿನಲ್ಲಿ ಹೊಸ ನಾಲಿಗೆ ಮಾಡಿಸಿ, ಹನ್ನೆರಡೂವರೆಯ ಪೂಜೆಗೆ ಮುಂಚೆ ಕಟ್ಟಿಬಿಡಬೇಕೆಂಬುದು ಅವಳ ಹಟ.

“ತಮಾ, ಇದು ಚಂದಗುಳಿ ಮುಟ್ತಾ? ಅಲ್ಲ, ಆನು ಬಸ್ಸಿಗೇ ಹೋಗ್ಲಾ?”

“ಮುಟ್ತು ಅತ್ತೆ. ಹತ್ತು.”

ಮತ್ತೆ ಶಿರಸಿ ಹಾದು ಯಲ್ಲಾಪುರದ ರಸ್ತೆ ಹಿಡಿದೆವು. ಬಿಸಿಲು ಎಳೆಯದಾಗಿತ್ತು, ಇಂಜಿನ್ ಹಾಡುತ್ತಿತ್ತು. ಬೇಡ್ತಿ ಹೊಳೆ ದಾಟಿ ಏರು ಸಿಕ್ಕಿದ್ದೇ ಹಾಡು ಕೆಮ್ಮಾಯಿತು. ಹಿಂದೆ ಕಪ್ಪು ಹೊಗೆ, ಒಳಗೆ ಪೆಟ್ರೋಲಿನ ವಾಸನೆ. ಬಾನೆಟ್ ಎತ್ತಿದರೆ ಬಟ್ಟಲಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

“ನಿನ್ನಪ್ಪ ಓಡಿಸ್ತಿದ್ದಾಗ ಹೀಂಗೆ ಇತ್ತಿಲ್ಲೆ,” ಎಂದಳು ಅತ್ತೆ, ಸೆರಗನ್ನು ಮೂಗಿಗೆ ಒತ್ತಿಕೊಂಡು.

ನಿಲ್ಲಿಸುತ್ತ, ತಣಿಸುತ್ತ ಯಲ್ಲಾಪುರ ಮುಟ್ಟುವಾಗ ಹನ್ನೊಂದು. ಪೇಟೆಯ ಅಂಚಿನಲ್ಲಿ ಹಸನ್‌ಸಾಬರ ಲೇತ್ ಅಂಗಡಿ. ಅವರು ಹಾವೇರಿ ಕಡೆಯವರು. “ಬರ್ರಿ, ಬರ್ರಿ! ಇಂಥಾ ಗಾಡಿ ನೋಡಿ ಭಾಳ ವರ್ಷ ಆತು,” ಎಂದು ಹಿಗ್ಗಿದವರು, ಪಕ್ಕದ ಚಹದಂಗಡಿಯ ಕಡೆ ತಿರುಗಿ, “ಬೀಡಿ ಆರಸೋ, ಎಲ್ಲಾರನ್ನೂ ಸುಟ್ಟೀಯ!” ಎಂದು ಗದರಿದರು. ಮುಚ್ಚಳ ಬಿಚ್ಚಿ, ನಾನಿಟ್ಟ ಅಳತೆ ಕೇಳಿದರು.

“ಏಳು ಮಿಲಿ. ಡ್ರಿಲ್ ಬಿಟ್ ಇಟ್ಟು ಅಳೆದೆ.”

“ಯಾರು ಹೇಳ್ಯಾರ?”

“ನನ್ನ ನೆನಪು.”

ಕಾರಿನೊಳಗಿಂದ ಅತ್ತೆ ಕೂಗಿದಳು: “ಡ್ರಿಲ್ ಬಿಟ್ ಎಂತಕ್ಕಾ? ಅಣ್ಣ ಒಂದು ಹಿತ್ತಾಳೆ ಸರಳು ಇಡ್ತಿದ್ದ. ಆನೇ ಕಂಡಿದ್ದೆ!”

ಡಿಕ್ಕಿಯಲ್ಲಿದ್ದ ಅಪ್ಪನ ಉಪಕರಣದ ಪೆಟ್ಟಿಗೆಯ ತಳದಲ್ಲಿ, ತುದಿಯಲ್ಲಿ ತೂತಿದ್ದ ಹಿತ್ತಾಳೆಯ ಸರಳು ಸಿಕ್ಕಿತು. ಹಸನ್‌ಸಾಬರು ವರ್ನಿಯರ್ ಹಿಡಿದು ಅದರ ದಪ್ಪ ಅಳೆದರು. ಹನ್ನೊಂದು ಮಿಲಿಗಿಂತ ಕೂದಲೆಳೆ ಹೆಚ್ಚು. ಅವರು ನಕ್ಕುಬಿಟ್ಟರು. “ನಿಮ್ಮ ನೆನಪು ಅರ್ಧ ಖರೇ ಐತ್ರಿ. ಇಂಚಿನ ಹದಿನಾರು ಪಾಲಿನಾಗ ಏಳು! ಇಂಗ್ಲಿಷ್ ಗಾಡಿಗೆ ಮಿಲಿ ಎಲ್ಲಿಂದ ಬರತೈತಿ?”

ಏಳನ್ನು ಉಳಿಸಿಕೊಂಡು ಹದಿನಾರನ್ನು ಕಳೆದುಕೊಂಡಿದ್ದೆ. ಅಂತರ ಕಡಿಮೆಯಾಗಿ ಬಟ್ಟಲು ಮಿತಿಮೀರಿ ತುಂಬುತ್ತಿತ್ತು. ಸರಳಿಟ್ಟು, ಲಿವರನ್ನು ತುಸುತುಸುವೇ ಬಗ್ಗಿಸಿ, ಅದು ಸರಳಿಗೆ ಸೋಕುವಂತೆ ಮಾಡಿದೆ. ಇಂಜಿನ್ ಎಬ್ಬಿಸಿದೆ. ಒಂದು ಹನಿಯೂ ಇಲ್ಲ!

ಅಷ್ಟರಲ್ಲಿ ಅತ್ತೆ ಸರಳನ್ನು ಎತ್ತಿಕೊಂಡು ಅದರ ತೂತನ್ನೇ ನೋಡುತ್ತಿದ್ದಳು. ಗಂಟೆಯ ಬಟ್ಟೆ ಬಿಚ್ಚಿದಳು. ತೂತು ಒಳಗಿನ ಕೊಕ್ಕೆಗೆ ಸರಿಯಾಗಿ ಕೂತಿತು. ಅಲ್ಲಾಡಿಸಿದಳು, ಬೀದಿಯೆಲ್ಲ ತಿರುಗಿ ನೋಡಿತು.

“ಅಣ್ಣ ಕಳ್ಳ! ಕಳದುಹೋತು ಹೇಳಿ ಸಾಯವರೆಗೂ ಯನ್ನ ಆಟ ಆಡಿಸಿದ್ದ. ಗಣಪತಿ ಗಂಟೆ ನಾಲಿಗೆ ಪೆಟ್ರೋಲಿಗೆ ಬೇಕಾಗಿತ್ತಾ ಇವಂಗೆ?”

ನಾನು ನಗಲಿಲ್ಲ. ನನ್ನ ನೆನಪಿನೆದುರು ಸಾಕ್ಷಿಯಾಗಿ ನಿಂತ ವಸ್ತು ಅದೊಂದೇ; ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅಂಥದ್ದೇ ಇನ್ನೊಂದನ್ನು ಕಡೆದುಕೊಡಿ ಎಂದೆ. “ಕರೆಂಟ್ ಇಲ್ಲರಿ. ಮೂರರ ಮ್ಯಾಲೆ ಬರತೈತಿ,” ಎಂದರು ಹಸನ್‌ಸಾಬರು.

ಅತ್ತೆ ನನ್ನ ಮುಖ ನೋಡಿದಳು. “ನಿಂಗೆ ಬೇಕಾದ್ರೆ ಇಟ್ಗ. ಇಷ್ಟು ವರ್ಷ ಕಾದಿದ್ದೆ. ಇನ್ನೂ ಕಾಯ್ತೆ.”

ಹಸನ್‌ಸಾಬರಿಂದ ಮೊಳೆ ಇಸಿದುಕೊಂಡು ಬಾನೆಟ್ಟಿನ ಒಳಮೈಯಲ್ಲಿ ‘7/16 ಇಂಚು’ ಎಂದು ಆಳವಾಗಿ ಗೀಚಿದೆ. ಸರಳಿನ ಸಮೇತ ಗಂಟೆಯನ್ನು ಅತ್ತೆಯ ಮಡಿಲಿಗೆ ಕೊಟ್ಟು ಕಾರು ಹೊರಡಿಸಿದೆ.

ಚಂದಗುಳಿ ಮುಟ್ಟಿದಾಗ ಹನ್ನೆರಡು ಹತ್ತು. ನೋಡಿದಲ್ಲೆಲ್ಲ ಗಂಟೆಗಳು, ದೊಡ್ಡವು, ಸಣ್ಣವು, ಒಂದಕ್ಕೊಂದು ಒತ್ತಿಕೊಂಡು. ಅತ್ತೆ ಸಾಲಿನಲ್ಲಿ ಜಾಗ ಹುಡುಕಿ, ಗಂಟೆ ಕಟ್ಟಿಸಿ, ಮುರಿದು ಸರಿಯಾದ ಕಾಲನ್ನೇ ಮುಂದೂರಿ ಹಿಮ್ಮಡಿ ಎತ್ತಿ ಮೂರು ಸಲ ಹೊಡೆದಳು.

ಪೂಜೆ, ಊಟ ಮುಗಿಸಿ ಹೊರಟಾಗ ಹಿಂದೆ ಯಾರೋ ಗಂಟೆ ಬಾರಿಸಿದರು.

“ನಮ್ಮದೇಯಾ,” ಎಂದಳು ಅತ್ತೆ.

ಅಷ್ಟು ಗಂಟೆಗಳ ನಡುವೆ ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಬದಲು ವೇಗ ತಗ್ಗಿಸಿದೆ. ಕನ್ನಡಿಯಲ್ಲೊಮ್ಮೆ ಹಿಂದೆ ನೋಡಿದೆ. ಕಪ್ಪು ಹೊಗೆ ಇರಲಿಲ್ಲ. ದೇವಸ್ಥಾನ ನಿಚ್ಚಳವಾಗಿ ಕಾಣುತ್ತಿತ್ತು.