ಹಸಿರು ಬಣ್ಣದ ಕೆಳಗೆ

ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಆಗಷ್ಟೇ ಮೊಬೈಲ್ ನೋಡಿ ಜೇಬಿಗೆ ಹಾಕಿದ್ದೆ, ಹಾಗಾಗಿ ಸಮಯ ನೆನಪಿದೆ. ಅಲ್ಲಿಯವರೆಗೆ ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎಂಜಿನಿಯರಿಂಗ್ ಓದಿದವನು, ಎಲ್ಲ ಸದ್ದಿಗೂ ಕಾರಣ ಇರಲೇಬೇಕು ಎನ್ನುವವನು. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅಪ್ಪ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಮದುವೆಗೆ ಮುಂಚೆ, ಶಿಫ್ಟ್ ಮುಗಿದ ಮೇಲೆ ಅಲ್ಲೇ ಕೂತು ಪೈಪು ಕೊಯ್ದು, ಹಿತ್ತಾಳೆ ಬೆಸುಗೆ ಹಾಕಿ, ತಮ್ಮ ಸೈಕಲ್ಲಿನ ಫ್ರೇಮನ್ನು ತಾವೇ ಮಾಡಿಕೊಂಡಿದ್ದರು. ಹತ್ತುವ ಮುಂಚೆ ಉಂಗುರದಿಂದ ಪೈಪಿಗೆ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ, ಬಿರುಕಿದ್ದರೆ ಒಡಕು ಸದ್ದು. ಒಂದು ದಿನವೂ ತಪ್ಪಿಸಿದವರಲ್ಲ.

ಅವರು ತೀರಿಕೊಂಡ ಮೇಲೆ ತುಕ್ಕು ಹಿಡಿದ ಆ ಸೈಕಲ್ಲನ್ನು ರಿಪೇರಿ ಮಾಡಿ ಬಣ್ಣ ಹೊಡೆಯಲೆಂದು ಸ್ನೇಹಿತ ಮಂಜನಿಗೆ ಕೊಟ್ಟೆ. ಒಂದೇ ಬೆಂಚಿನಲ್ಲಿ ಓದಿದವರು ನಾವು. ಪೀಣ್ಯದಲ್ಲೇ ಅವನದೊಂದು ಪೇಂಟಿಂಗ್ ಶೆಡ್ಡಿದೆ. ಅಪ್ಪ ಅವನನ್ನೂ ಇದೇ ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟಿದ್ದರು. ಮೂರು ವಾರ ಬಿಟ್ಟು, ಕಡುಹಸಿರು ಬಣ್ಣದಲ್ಲಿ ಹೊಳೆಯುವಂತೆ ಮಾಡಿ ತಂದುಕೊಟ್ಟ. “ಇನ್ನೂ ಐವತ್ತು ವರ್ಷ ಓಡತ್ತೆ ಮಗಾ,” ಅಂದ. ಹೊಸ ಬಣ್ಣಕ್ಕೆ ಗೀರು ಬೀಳುತ್ತದೆಂದು ನಾನು ತಟ್ಟಿ ನೋಡಲಿಲ್ಲ.

ಆ ಭಾನುವಾರ ಏಳು ವರ್ಷದ ಮಗಳನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೊರಟೆ. ಇಳಿಜಾರು ಶುರುವಾಗುವ ಕಡೆ ಪೈಪಿನಿಂದ ಸದ್ದು ಬಂತು. ಮೂರು ಸಲ, ನಿಧಾನವಾಗಿ, ಒಡಕಾಗಿ. ಚೈನ್ ಇರಬೇಕೆಂದುಕೊಂಡೆ. ಮಗಳು ಕಂಬಿಯಿಂದ ಕೈ ತೆಗೆದು, “ಪಪ್ಪಾ, ಇಲ್ಲಿ ಯಾರೋ ತಟ್ತಿದಾರೆ,” ಅಂದಳು.

ಬ್ರೇಕ್ ಹಿಡಿದು ಅವಳನ್ನು ಇಳಿಸಿದೆ. ಸೈಕಲ್ಲನ್ನು ಬದಿಗೆ ಸರಿಸಲು ಹ್ಯಾಂಡಲ್ ಎಳೆದದ್ದಷ್ಟೇ, ಅದರ ಬುಡದಲ್ಲಿ ಫ್ರೇಮ್ ಮುರಿದು ಎರಡಾಯಿತು. ಇಳಿಜಾರಿನ ಕೆಳಗೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಮುರಿದ ಜಾಗದಲ್ಲಿ, ಹಸಿರು ಬಣ್ಣದ ಕೆಳಗೆ, ಕಾರುಗಳ ತಗ್ಗು ಮುಚ್ಚಲು ಬಳಿಯುವ ಪುಟ್ಟಿ ಇತ್ತು. ಮಂಜ ಅದನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದ.

ಆಮೇಲೆ ರಾತ್ರಿ ನಿದ್ದೆ ಬರುವುದೇ ನಿಂತಿತು. ಕಣ್ಣು ಮುಚ್ಚಿದರೆ ಆ ಇಳಿಜಾರು, ಕಂಬಿ ಹಿಡಿದ ಪುಟ್ಟ ಕೈಗಳು. ಮಂಜ ಫೋನಿನಲ್ಲಿ, ಹಳೇ ಕಬ್ಬಿಣ ಅಲ್ವಾ ಎಂದ. ಮತ್ತೆ ಫೋನ್ ಎತ್ತುವುದನ್ನೇ ಬಿಟ್ಟ.

ಹನ್ನೊಂದನೇ ದಿನ, ಬುಧವಾರ, ಎರಡೂ ತುಂಡುಗಳನ್ನು ಅವನ ಶೆಡ್ಡಿಗೆ ಒಯ್ದು, ಸ್ಪ್ಯಾನರಿನಿಂದ ತಟ್ಟು ಅಂದೆ. ತಟ್ಟಿದ. ಅದೇ ಒಡಕು ಸದ್ದು.

“ಹ್ಯಾಂಡಲ್ ಬುಡದ ಬೇರಿಂಗ್ ಕಪ್ ಜಾಮ್ ಆಗಿತ್ತು ಕಣೋ. ಸುತ್ತಿಗೇಲಿ ಹೊಡ್ದೆ, ಬಿರುಕು ಬಿಡ್ತು. ತಟ್ಟಿ ನೋಡ್ದೆ, ಹಿಂಗೇ ಕೇಳಿಸ್ತು,” ಎಂದ. “ಅಂಕಲ್ ಕೈಯಾರೆ ಮಾಡಿದ್ದನ್ನ ನಾನು ಹಾಳ್ಮಾಡ್ದೆ ಅಂತ ನಿಂಗೆ ಹೆಂಗ್ ಹೇಳ್ಲಿ?”

“ಮಗಳನ್ನ ಕೂರಿಸ್ಕೊಂಡ್ ಹೋಗ್ತೀನಿ ಅಂತ ನಿಂಗೆ ಹೇಳಿದ್ದೆ,” ಅಂದೆ. ಅವನು ಸ್ಪ್ಯಾನರನ್ನು ಕೆಳಗಿಟ್ಟ.

ಬಿರುಕಿಗೆ ಕಾರಣ ಸಿಕ್ಕಿತು. ಆ ಬೆಳಗಿನ ಸದ್ದಿಗೆ ಇವತ್ತಿಗೂ ಸಿಕ್ಕಿಲ್ಲ. ಬಿರುಕೇ ಸದ್ದು ಮಾಡಿತು ಅನ್ನಬಹುದು. ಆದರೆ ಸರಿಯಾಗಿ ಮೂರು ಸಲ ಮಾಡಿ ನಿಲ್ಲಿಸಿದ್ದೇಕೆ? ಅಪ್ಪನ ಉಂಗುರ ನಮ್ಮ ಬೀರುವಿನಲ್ಲೇ ಇದೆ. ಮಂಜನ ಶೆಡ್ಡಿಗೆ ನಾನು ಮತ್ತೆ ಹೋಗಿಲ್ಲ. ಆದರೆ ಆ ಬುಧವಾರ ರಾತ್ರಿ, ಅಷ್ಟು ದಿನಗಳಲ್ಲಿ ಮೊದಲ ಸಲ, ಬೆಳಗಾಗುವವರೆಗೆ ನನಗೆ ಎಚ್ಚರವಾಗಲಿಲ್ಲ.